ನಂಬಿಕೆ ಸಾಕೆಂದರೆ ಒಳ್ಳೆಯ ಕೆಲಸ ಏಕೆ? ಲೂಥರ್ ಬೋಧನೆಯನ್ನು ಹಂತಹಂತವಾಗಿ ಓದುವ ದಾರಿ

‘ನಂಬಿಕಿ ಒಂದ ಸಾಕು ಅಂತೀರಿ. ಹಂಗಾರ ಒಳ್ಳೆ ಕೆಲಸ ಯಾಕ ಮಾಡಬೇಕ್ರಿ ಸರ?’

ಧಾರವಾಡದಲ್ಲಿ ಸ್ಥಿರೀಕರಣದ (ದೀಕ್ಷಾಸ್ನಾನವಾದ ಮಕ್ಕಳು ದೊಡ್ಡವರಾಗಿ ತಾವೇ ನಂಬಿಕೆಯನ್ನು ಅರಿಕೆ ಮಾಡುವ ವಿಧಿಯ) ತರಗತಿ ಶುರುವಾದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳುತ್ತಾರೆ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯೊಂದರಿಂದಲೇ ಎಂದು 16ನೇ ಶತಮಾನದ ಜರ್ಮನ್ ಸಭಾ ಸುಧಾರಕ ಮಾರ್ಟಿನ್ ಲೂಥರ್ ಕಲಿಸಿದ; ಅವನ ಹಾದಿ ಹಿಡಿದವರೇ ಲೂಥರನ್ನರು. ಹುಬ್ಬಳ್ಳಿಯಿಂದ ಫೋನ್ ಮಾಡುವವರೂ ಇದನ್ನೇ ಕೇಳುತ್ತಾರೆ, ಗದಗ-ಬೆಟಗೇರಿಯಿಂದ ಬರೆಯುವವರೂ ಇದನ್ನೇ. ಕೆಲವರು ತಿರುಗಿಸಿ ಕೇಳುತ್ತಾರೆ: ‘ಹತ್ತು ಆಜ್ಞೆ ಇನ್ನೂ ಯಾಕ ಬಾಯಿಪಾಠ ಮಾಡಸ್ತೀರಿ?’ ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಗಿ ಇದನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ದೇವಶಾಸ್ತ್ರಿಯಲ್ಲ, ಕನ್ನಡ ವ್ಯಾಕರಣ ಕಲಿಸಿದ ಮಾಸ್ತರ. ಹಾಗಾಗಿ ಈ ಲೇಖನದಲ್ಲಿ ವಿಭಕ್ತಿ, ಪ್ರತ್ಯಯಗಳು ಆಗಾಗ ತಲೆಹಾಕುತ್ತವೆ. ಈ ವಿಷಯಕ್ಕೆ ಅವು ನಿಜವಾಗಿಯೂ ಕೆಲಸಕ್ಕೆ ಬರುತ್ತವೆ.

ಮೊದಲು ನಮ್ಮ ಊರಿನ ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಬಂದವರಲ್ಲಿ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರೂ ಇದ್ದರು, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ (ಕ್ಯಾಲ್ವಿನ್ ಪಂಥದ) ಜನರೂ ಇದ್ದರು. ಮುಂದೆ ಈ ಭಾಗದ ಸಭೆಗಳು ದಕ್ಷಿಣ ಭಾರತ ಸಭೆಯನ್ನು, ಅಂದರೆ ಸಿಎಸ್‌ಐಯನ್ನು ಸೇರಿದವು. ಆದ್ದರಿಂದ ನಮ್ಮ ಸಭೆ ಪೂರ್ತಿ ಲೂಥರನ್ ಅಲ್ಲ. ಆದರೂ ನಮ್ಮ ಅಜ್ಜ-ಅಜ್ಜಿಯರ ಪ್ರಾರ್ಥನೆಯಲ್ಲಿ, ಹಾಡುಗಳಲ್ಲಿ ಲೂಥರ್‌ನ ದನಿ ಬೆರೆತಿದೆ. ಗೊಂದಲ ಹುಟ್ಟುವುದೂ ಅಲ್ಲಿಂದಲೇ: ಒಂದೇ ಪೀಠದಿಂದ ಎರಡು ಮೂರು ಸಂಪ್ರದಾಯಗಳ ಮಾತು ಕೇಳಿಬರುತ್ತದೆ.

ಬೇಕಾದದ್ದು

ಒಂದು ಕನ್ನಡ ಸತ್ಯವೇದ. ಲೂಥರ್‌ನ ಕಿರಿಯ ಪ್ರಶ್ನೋತ್ತರ ಬೋಧೆ (ಕ್ಯಾಟಿಕಿಸಂ ಎನ್ನುವುದು ಇದನ್ನೇ), ಯಾವ ಭಾಷೆಯಲ್ಲಿ ಸಿಕ್ಕರೂ ಸರಿ. ನಡುವೆ ಗೆರೆ ಎಳೆದ ಒಂದು ನೋಟ್‌ಬುಕ್. ನಾಲ್ಕೈದು ಸಂಜೆ. ದೊಡ್ಡ ಗ್ರಂಥಗಳು ಸದ್ಯಕ್ಕೆ ಬೇಡ. 1528ರ ಸುಮಾರಿಗೆ ಜರ್ಮನಿಯ ಸಾಕ್ಸನಿ ಸೀಮೆಯ ಹಳ್ಳಿ ಸಭೆಗಳನ್ನು ಸುತ್ತಿ ನೋಡಿದಾಗ ಜನರಿಗೆ ಹತ್ತು ಆಜ್ಞೆಗಳೇ ಗೊತ್ತಿಲ್ಲದ್ದನ್ನು ಕಂಡು, 1529ರಲ್ಲಿ ಲೂಥರ್ ಈ ಚಿಕ್ಕ ಪುಸ್ತಕ ಬರೆದ. ಬರೆದದ್ದು ಪಂಡಿತರಿಗಲ್ಲ, ಮನೆಯ ಯಜಮಾನ ಮಕ್ಕಳಿಗೆ, ಆಳುಗಳಿಗೆ ಹೇಳಿಕೊಡಲಿ ಎಂದು.

1. ಮೊದಲು ಪದಗಳನ್ನು ತೊಳೆದುಕೊಳ್ಳಿ

ಈ ಹಂತ ಬಿಟ್ಟು ಮುಂದೆ ಹೋದವರೆಲ್ಲ ಹಿಂದೆ ಬಂದಿದ್ದಾರೆ. ನಾವು ಬಳಸುವ ಕನ್ನಡ ಪದಗಳು ಮೊದಲೇ ಬೇರೆ ಮನೆಗಳಲ್ಲಿ ಬಾಳಿ ಬಂದವು. ಆ ಮನೆಗಳ ವಾಸನೆ ಅವುಗಳಿಗೆ ಹತ್ತಿರುತ್ತದೆ.

ಸತ್ಕ್ರಿಯೆ ಎಂದ ಕೂಡಲೇ ನಮ್ಮ ಕಿವಿ ‘ಪುಣ್ಯ’ ಎಂದು ಕೇಳಿಸಿಕೊಳ್ಳುತ್ತದೆ. ಪುಣ್ಯ ಕೂಡಿಡುವಂಥದ್ದು, ಅದು ಬೆಳೆಯುತ್ತದೆ, ಖರ್ಚಾಗುತ್ತದೆ, ತೀರುತ್ತದೆ. ಲೂಥರ್ ಹೇಳುವ ಸತ್ಕ್ರಿಯೆ ಯಾವ ಲೆಕ್ಕದ ಪುಸ್ತಕದಲ್ಲೂ ಜಮೆಯಾಗುವುದಿಲ್ಲ. ಅದು ಆದ ಕೂಡಲೇ ಪಕ್ಕದವರ ಕೈ ಸೇರಿ ಮುಗಿದುಹೋಗುತ್ತದೆ.

‘ಪವಿತ್ರೀಕರಣ’ ಎಂದರೆ ಪವಿತ್ರಾತ್ಮನು ಮನುಷ್ಯನನ್ನು ದೇವರ ಪಾಲಿಗೆ ಸೇರಿಸಿಕೊಂಡು ಹೊಸಬನನ್ನಾಗಿ ಮಾಡುವ ಕೆಲಸ. ನಮ್ಮಲ್ಲಿ ಪವಿತ್ರ ಎಂದರೆ ಮಡಿ ನೆನಪಾಗುತ್ತದೆ. ಮಡಿಯಲ್ಲಿರುವವರು ಇನ್ನೊಬ್ಬರನ್ನು ಮುಟ್ಟದೆ ದೂರ ನಿಲ್ಲಬೇಕು. ಇಲ್ಲಿ ತದ್ವಿರುದ್ಧ. ಪವಿತ್ರನಾದವನನ್ನು ಜನರ ನಡುವೆಯೇ ತಳ್ಳಲಾಗುತ್ತದೆ, ಕೈ ಕೊಳೆ ಮಾಡಿಕೊಳ್ಳಲಿ ಎಂದು.

‘ನೀತಿವಂತರೆಂದು ನಿರ್ಣಯಿಸುವುದು’ ನ್ಯಾಯಾಲಯದ ಮಾತು. ಕ್ರಿಸ್ತನ ನಿಮಿತ್ತ ದೇವರು ಪಾಪಿಗೆ ‘ನೀನು ಬಿಡುಗಡೆಯಾದೆ’ ಎಂದು ತೀರ್ಪು ಕೊಡುತ್ತಾನೆ. ತೀರ್ಪು ಒಂದೇ ಸಲಕ್ಕೆ, ಪೂರ್ತಿಯಾಗಿ. ಪವಿತ್ರೀಕರಣ ಆ ತೀರ್ಪಿನ ಮೇಲೆ ನಿಂತು ಬದುಕುವ ದಿನಗಳು. ಈ ಲೋಕದಲ್ಲಿ ಅದು ಎಂದೂ ಮುಗಿಯುವುದಿಲ್ಲ.

‘ಧರ್ಮಶಾಸ್ತ್ರ’ ಎಂದರೆ ಸತ್ಯವೇದದ ಕನ್ನಡದಲ್ಲಿ ದೇವರ ಆಜ್ಞೆಗಳು. ಮನುಧರ್ಮಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಸಬರಿಗೆ ಹೇಳುವಾಗ ನಾನು ‘ದೇವರ ಆಜ್ಞೆ’ ಎಂದೇ ಹೇಳುತ್ತೇನೆ.

ಇನ್ನು ‘ನಂಬಿಕೆ’. ಇದೊಂದು ಪದ ಮಾತ್ರ ಲೂಥರ್‌ನಿಗೆ ಹೇಳಿ ಮಾಡಿಸಿದಂತಿದೆ. ‘ಅವರು ನಂಬಿಕೆಯ ಮನುಷ್ಯ’ ಎನ್ನುತ್ತೇವೆ, ‘ನಂಬಿ ಕೀಲಿಕೈ ಕೊಟ್ಟೆ’ ಎನ್ನುತ್ತೇವೆ. ದೇವರಿದ್ದಾನೆ ಎಂದು ಒಪ್ಪುವುದಷ್ಟೇ ಇಲ್ಲಿ ನಂಬಿಕೆ ಅಲ್ಲ. ಭಾರವನ್ನೆಲ್ಲ ಒಬ್ಬನ ಮೇಲೆ ಹಾಕಿ ನಿಶ್ಚಿಂತೆಯಾಗಿ ಇರುವುದು. ಆ ಅರ್ಥ ನಮ್ಮ ಪದದಲ್ಲೇ ಇದೆ, ಬೇರೆ ಕಡೆ ಹುಡುಕಬೇಕಿಲ್ಲ.

2. ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ತೆರೆಯಿರಿ. 9ನೇ ವಚನಕ್ಕೆ ನಿಲ್ಲಬೇಡಿ

8 ಮತ್ತು 9ನೇ ವಚನ ಎಲ್ಲರಿಗೂ ಬಾಯಿಪಾಠ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಅದು ದೇವರ ವರ, ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ, ಹೊಗಳಿಕೊಳ್ಳಲು ಜಾಗವಿಲ್ಲ. ಬಹಳ ಜನ ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. 10ನೇ ವಚನ ಓದಿ: ನಾವು ದೇವರ ಕೈಕೆಲಸ, ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಯಾದವರು.

ಈಗ ವ್ಯಾಕರಣ. ‘ಕ್ರಿಯೆಗಳಿಂದ’ ಅಲ್ಲ, ‘ಕ್ರಿಯೆಗಳಿಗಾಗಿ’. ಒಂದು ತೃತೀಯಾ, ಇನ್ನೊಂದು ಚತುರ್ಥಿ. ಲೂಥರನ್ನರು ಐನೂರು ವರ್ಷಗಳಿಂದ ಕಾಯುತ್ತ ಬಂದಿರುವುದು ಈ ಎರಡು ಪ್ರತ್ಯಯಗಳ ಗಡಿಯನ್ನೇ. ‘ಇಂದ’ ಇರಬೇಕಾದಲ್ಲಿ ‘ಗಾಗಿ’ ಬಂದರೂ, ‘ಗಾಗಿ’ ಇರಬೇಕಾದಲ್ಲಿ ‘ಇಂದ’ ಬಂದರೂ ಬೋಧನೆಯೇ ಕೆಡುತ್ತದೆ. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇದನ್ನು ಬರೆದುಕೊಳ್ಳಿ.

1530ರ ಜೂನ್ 25ರಂದು ಚಕ್ರವರ್ತಿ 5ನೇ ಚಾರ್ಲ್ಸ್‌ನ ಮುಂದೆ ಓದಿದ ಆಗ್ಸ್‌ಬರ್ಗ್ ಅರಿಕೆ ಲೂಥರನ್ನರು ತಮ್ಮ ನಂಬಿಕೆಯನ್ನು ಸಾರಿದ ಮೂಲ ಪತ್ರ. ಅದರ 4ನೇ ಕಲಮು ನೀತಿವಂತರೆಂಬ ನಿರ್ಣಯದ ಬಗ್ಗೆ. ಹೊಸ ವಿಧೇಯತೆಯ ಮಾತು ಬರುವುದು 6ನೆಯದರಲ್ಲಿ: ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು, ಆದರೆ ಆ ಫಲದ ಮೇಲೆ ಭರವಸೆ ಇಡಬಾರದು. 4 ಮೊದಲು, 6 ಆಮೇಲೆ. ಕ್ರಮ ತಿರುವುಮುರುವು ಮಾಡಬೇಡಿ.

3. ಆಜ್ಞೆ ಯಾವುದು, ಸುವಾರ್ತೆ ಯಾವುದು ಎಂದು ಬೇರ್ಪಡಿಸಿ

ಗೆರೆ ಎಳೆದ ನೋಟ್‌ಬುಕ್ ಇಲ್ಲಿ ಬೇಕು. ಎಡಕ್ಕೆ ‘ಆಜ್ಞೆ’, ಬಲಕ್ಕೆ ‘ಸುವಾರ್ತೆ’ ಎಂದು ಬರೆಯಿರಿ. ಆಜ್ಞೆ ಎಂದರೆ ನಾವು ಮಾಡಬೇಕಾದ್ದು, ಸುವಾರ್ತೆ ಎಂದರೆ ದೇವರು ಕ್ರಿಸ್ತನಲ್ಲಿ ನಮಗಾಗಿ ಮಾಡಿದ್ದರ ಒಳ್ಳೆಯ ಸುದ್ದಿ. ಸತ್ಯವೇದದ ಯಾವುದಾದರೂ ಒಂದು ಅಧ್ಯಾಯ ತೆಗೆದುಕೊಂಡು ವಾಕ್ಯಗಳನ್ನು ಹಂಚುತ್ತ ಹೋಗಿ. ಆಜ್ಞೆಯ ವಾಕ್ಯಗಳು ಸಾಮಾನ್ಯವಾಗಿ ‘ಬೇಕು’, ‘ಬಾರದು’, ‘ಮಾಡಿದರೆ’ ಎಂದು ಮುಗಿಯುತ್ತವೆ. ಸುವಾರ್ತೆಯ ವಾಕ್ಯಗಳು ‘ಆಯಿತು’, ‘ಕೊಟ್ಟನು’, ‘ನಿಮಗೋಸ್ಕರ’ ಎನ್ನುತ್ತವೆ. ಕರ್ತನ ಭೋಜನದ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರದ) ಪಾಠದಲ್ಲಿ ಲೂಥರ್ ಮತ್ತೆ ಮತ್ತೆ ಬೆರಳಿಡುವುದು ಈ ‘ನಿಮಗೋಸ್ಕರ’ ಎಂಬ ಪದದ ಮೇಲೆಯೇ. ಪ್ರತ್ಯಯ ನೋಡಿಯೇ ಎಲ್ಲವನ್ನೂ ತೀರ್ಮಾನಿಸಲಾಗದು (‘ನಂಬಿದರೆ ರಕ್ಷಣೆ’ ಎಂಬ ಮಾತೂ ಉಂಟು, ಅದು ಷರತ್ತಲ್ಲ, ಕೈಚಾಚಿದ ಕರೆ), ಆದರೆ ಶುರುವಾತಿಗೆ ಇದು ಒಳ್ಳೆಯ ಜರಡಿ.

ಎಡವುವ ಜಾಗ: ಹಳೆಯ ಒಡಂಬಡಿಕೆ ಎಲ್ಲ ಆಜ್ಞೆ, ಹೊಸದೆಲ್ಲ ಸುವಾರ್ತೆ ಎಂದು ಎರಡು ಗಂಟು ಕಟ್ಟಬೇಡಿ. ವಿಮೋಚನಕಾಂಡ 20ನೇ ಅಧ್ಯಾಯದಲ್ಲಿ ಮೊದಲ ಆಜ್ಞೆಗೂ ಮುಂಚೆ ‘ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದ ದೇವರು ನಾನೇ’ ಎಂಬ ಮಾತಿದೆ. ಅದು ಬಲಗಡೆಯ ಅಂಕಣಕ್ಕೆ ಸೇರಬೇಕು. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಅತ್ತ ಮತ್ತಾಯನ ಸುವಾರ್ತೆಯ ಬೆಟ್ಟದ ಪ್ರಸಂಗ ಓದಿ ನೋಡಿ: ಸಿಟ್ಟು ಮಾಡಿದರೂ ಕೊಲೆಯ ಸಮ ಎನ್ನುವ ಮಾತು ಎಡ ಅಂಕಣದಲ್ಲಿ ಎಷ್ಟು ಭಾರವಾಗಿ ಕೂರುತ್ತದೆ!

4. ಆಜ್ಞೆಯ ಮೂರು ಉಪಯೋಗಗಳನ್ನು ಕಲಿಯಿರಿ: ಬೇಲಿ, ಕನ್ನಡಿ, ಕೈಮರ

ಬೇಲಿ ಎಂದರೆ, ನಂಬಿದವರಿಗೂ ನಂಬದವರಿಗೂ ಒಂದೇ. ಕಾನೂನಿನ ಅಂಜಿಕೆ, ಶಿಕ್ಷೆಯ ಭಯ ಇಲ್ಲದಿದ್ದರೆ ಊರು ನಡೆಯುವುದಿಲ್ಲ. ಇದು ಯಾರ ಮನಸ್ಸನ್ನೂ ಬದಲಿಸದು, ಹೊಲಕ್ಕೆ ದನ ನುಗ್ಗದಂತೆ ತಡೆಯುತ್ತದೆ, ಅಷ್ಟೆ.

ಕನ್ನಡಿ ಮುಖದ ಕೊಳೆ ತೋರಿಸುತ್ತದೆ. ತೊಳೆಯುವ ಕೆಲಸ ಅದರದಲ್ಲ. ಕನ್ನಡಿಯಿಂದಲೇ ಮುಖ ಉಜ್ಜಿಕೊಳ್ಳಲು ಹೋದವರಿಗೆ ಗಾಯವಾಗುತ್ತದೆ. ಲೂಥರ್ ಎಲ್ಲಕ್ಕಿಂತ ಹೆಚ್ಚು ಒತ್ತು ಕೊಟ್ಟದ್ದು ಈ ಉಪಯೋಗಕ್ಕೆ. ಆಜ್ಞೆಯ ಮುಂದೆ ಪ್ರಾಮಾಣಿಕವಾಗಿ ನಿಂತವನು ‘ನನ್ನಿಂದ ಆಗಲಿಲ್ಲ’ ಎಂದೇ ಹೊರಬರುತ್ತಾನೆ. ಆಗಲೇ ಸುವಾರ್ತೆಗೆ ಕಿವಿ ತೆರೆಯುತ್ತದೆ.

ಕೈಮರ ದಾರಿ ತೋರಿಸುತ್ತದೆ. ಬಿಡುಗಡೆಯಾದವನಿಗೆ ದೇವರಿಗೆ ಮೆಚ್ಚುಗೆಯಾದದ್ದು ಯಾವುದು, ತಾನೇ ಕಟ್ಟಿಕೊಂಡ ಭಕ್ತಿ ಯಾವುದು ಎಂದು ಅದು ಗುರುತಿಸಿಕೊಡುತ್ತದೆ. ಗದಗಕ್ಕೆ ಹೋಗುವ ಕೈಮರ ನಿಮ್ಮನ್ನು ಹೊತ್ತು ಗದಗಕ್ಕೆ ಒಯ್ಯುವುದಿಲ್ಲ. ನಡೆಯುವ ಕಾಲು ಪವಿತ್ರಾತ್ಮ ಕೊಟ್ಟದ್ದು, ಸುವಾರ್ತೆಯ ಮೂಲಕ.

ಈ ಮೂರನೆಯದರ ಬಗ್ಗೆ ಲೂಥರನ್ನರಲ್ಲೇ ಜಗಳ ಇದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಮೂರು ಉಪಯೋಗಗಳೆಂದು ಎಣಿಸಿದ್ದು ಲೂಥರ್‌ನ ಗೆಳೆಯ ಮೆಲಾಂಕ್ಟನ್. ಲೂಥರನ್ನರು ತಮ್ಮೊಳಗಿನ ಜಗಳ ತೀರಿಸಲು ಬರೆದ 1577ರ ಐಕ್ಯಸೂತ್ರದ 6ನೇ ಕಲಮಿನಲ್ಲಿ ಅದು ಸಭೆಯ ಅಧಿಕೃತ ಬೋಧನೆಯಾಯಿತು. ಆದರೂ 20ನೇ ಶತಮಾನದಲ್ಲಿ ಜರ್ಮನಿಯ ದೇವಶಾಸ್ತ್ರಿ ವರ್ನರ್ ಎಲರ್ಟ್ ಮುಂತಾದವರು ಲೂಥರ್‌ನಲ್ಲಿ ಎರಡೇ ಉಪಯೋಗಗಳಿವೆ ಎಂದು ವಾದಿಸಿದರು. ನನಗನಿಸುವುದು: ಲೂಥರ್ ಎಣಿಕೆ ಮಾಡದಿದ್ದರೂ ಅವನ ಪ್ರಶ್ನೋತ್ತರ ಬೋಧೆ ಓದಿದವರಿಗೆ ಕೈಮರ ಕಾಣದೇ ಇರಲಾರದು. ಆದರೆ ಕೈಮರ ಓದುತ್ತಿರುವಾಗಲೇ ಅದು ಕನ್ನಡಿಯಾಗಿ ತಿರುಗುತ್ತದೆ ಎಂಬ ಎಲರ್ಟ್ ಕಡೆಯವರ ಎಚ್ಚರಿಕೆಯೂ ಅನುಭವಕ್ಕೆ ಬರುವ ಸತ್ಯ. ‘ಈಗ ದಾರಿ ಮಾತ್ರ ತೋರಿಸ್ತೀನಿ, ಕೊಳಿ ತೋರಸಂಗಿಲ್ಲ’ ಎಂದು ಆಜ್ಞೆಯ ಬಾಯಿ ಕಟ್ಟಲು ಬೋಧಕರಿಗೆ ಆಗದು.

5. ಆಜ್ಞೆಗಳ ಸಂಖ್ಯೆ ನೋಡಿಕೊಳ್ಳಿ

ಚಿಕ್ಕ ವಿಷಯ, ಆದರೆ ಮಕ್ಕಳು ಪರೀಕ್ಷೆಯಲ್ಲಿ ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಲೂಥರ್‌ನ ಎಣಿಕೆಯಲ್ಲಿ, ಕ್ಯಾಥೊಲಿಕರಂತೆ, ವಿಗ್ರಹಗಳ ಮಾತು ಮೊದಲ ಆಜ್ಞೆಯ ಒಳಗೇ ಅಡಗಿದೆ. ಕೊನೆಯ ‘ಆಶಿಸಬಾರದು’ ಒಡೆದು 9 ಮತ್ತು 10 ಆಗುತ್ತದೆ. ರಿಫಾರ್ಮ್ಡ್ ಮತ್ತು ಆಂಗ್ಲಿಕನ್ ಎಣಿಕೆಯಲ್ಲಿ ವಿಗ್ರಹದ್ದು ಪ್ರತ್ಯೇಕ 2ನೇ ಆಜ್ಞೆ. ಆದ್ದರಿಂದ ‘ಕದಿಯಬಾರದು’ ಒಂದು ಪುಸ್ತಕದಲ್ಲಿ 7ನೆಯದು, ಇನ್ನೊಂದರಲ್ಲಿ 8ನೆಯದು. ಸಂಖ್ಯೆ ಬಿಟ್ಟು ಆಜ್ಞೆಯ ಮಾತನ್ನೇ ಹೇಳಿ.

6. ಪ್ರತಿ ‘ಬಾರದು’ ಹಿಂದಿನ ‘ಬೇಕು’ ಹುಡುಕಿ

ಲೂಥರ್‌ನ ಕಿರಿಯ ಬೋಧೆಯ ಸೊಗಸು ಇರುವುದು ಇಲ್ಲಿ. ಹೆಚ್ಚಿನ ಆಜ್ಞೆಗಳ ವಿವರಣೆ ‘ನಾವು ದೇವರಿಗೆ ಭಯಪಟ್ಟು ಆತನನ್ನು ಪ್ರೀತಿಸಬೇಕು, ಹೀಗೆ...’ ಎಂದು ಶುರುವಾಗಿ, ನಿಷೇಧವನ್ನು ಹೇಳಿ, ಕೂಡಲೇ ಮಾಡಬೇಕಾದ್ದಕ್ಕೆ ಹೊರಳುತ್ತದೆ. ಕೊಲ್ಲಬಾರದು ಎಂದರೆ ಕೈ ಎತ್ತದಿದ್ದರೆ ಸಾಲದು, ನೆರೆಯವನ ದೇಹದ ಕಷ್ಟಗಳಿಗೆಲ್ಲ ಒದಗಬೇಕು. ಸುಳ್ಳುಸಾಕ್ಷಿ ಹೇಳಬಾರದು ಎಂದರೆ ಅವನ ಪರವಾಗಿ ಮಾತಾಡಬೇಕು, ಅವನ ನಡತೆಗೆ ಆದಷ್ಟು ಒಳ್ಳೆಯ ಅರ್ಥ ಹಚ್ಚಬೇಕು. ಕದಿಯಬಾರದು ಎಂದರೆ ಅವನ ಆಸ್ತಿ, ಉದ್ಯೋಗ ಬೆಳೆಯುವಂತೆ, ಉಳಿಯುವಂತೆ ನೆರವಾಗಬೇಕು.

ಈ ಕೊನೆಯದನ್ನು ನಮ್ಮ ಸೀಮೆಗೆ ತಂದು ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವವನು ತೂಕ ಬರಲೆಂದು ನೀರು ಚಿಮುಕಿಸದಿದ್ದರೆ ‘ಬಾರದು’ ಪಾಲಿಸಿದಂತಾಯಿತು. ಓದು ಬಾರದ ಪಕ್ಕದ ರೈತನಿಗೆ ಅಂದಿನ ಧಾರಣೆ ಓದಿ ಹೇಳಿದರೆ ‘ಬೇಕು’ ಪಾಲಿಸಿದಂತೆ. ಬೆಟಗೇರಿಯ ನೇಕಾರನ ಕೂಲಿ ಕೊಡುವ ದಿನ ‘ಶನಿವಾರ ಬಾ’ ಎನ್ನದೆ ಇವತ್ತೇ ಕೊಡುವುದು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಮರೆತರೆ ನೆನಪಿಸುವುದು ಸರಿ. ಹೆಚ್ಚು ಕೊಟ್ಟರೆ ತಿರುಗಿ ಕೊಡುವುದು. ಇವೆಲ್ಲ ಸತ್ಕ್ರಿಯೆಗಳೇ. ತರಗತಿಯಲ್ಲಿ ಮಕ್ಕಳಿಗೆ ಹತ್ತು ಆಜ್ಞೆಗಳಿಗೂ ಹೀಗೆ ಒಂದೊಂದು ತಮ್ಮ ಓಣಿಯ ಉದಾಹರಣೆ ಬರೆಯಲು ಹೇಳಿ. ಉಪದೇಶಕ್ಕಿಂತ ಅದು ಬೇಗ ನಾಟುತ್ತದೆ.

7. ಒಳ್ಳೆಯ ಕೆಲಸ ಯಾರಿಗೆ? ವಿಳಾಸ ಸರಿಮಾಡಿ

ಹಿಂದಿನ ಎಲ್ಲ ಹಂತಗಳಿಗಿಂತ ಇದರ ಮೇಲೆ ಹೆಚ್ಚು ಹೊತ್ತು ಕಳೆಯಿರಿ. ಮೂಲ ಪ್ರಶ್ನೆಗೆ ಉತ್ತರ ಇಲ್ಲಿದೆ.

‘ದೇವರಿಗಾಗಿ ಏನು ಮಾಡಲಿ?’ ಎಂದು ಕೇಳುವುದು ನಮ್ಮ ರೂಢಿ. ಹರಕೆ, ಉಪವಾಸ, ಯಾತ್ರೆ, ಕಾಣಿಕೆ ಎಲ್ಲದರ ವಿಳಾಸವೂ ಮೇಲಕ್ಕೇ. ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದಾಗ ಹೇಳಿದ್ದರ ತಿರುಳು: ನಂಬಿಕೆಯ ದೆಸೆಯಿಂದ ಕ್ರೈಸ್ತನು ಎಲ್ಲರ ಮೇಲೆ ಸ್ವತಂತ್ರ ಒಡೆಯ, ಯಾರಿಗೂ ಅಧೀನನಲ್ಲ, ಪ್ರೀತಿಯ ದೆಸೆಯಿಂದ ಅವನೇ ಎಲ್ಲರ ಆಳು. ದೇವರ ಹತ್ತಿರ ಲೆಕ್ಕ ಚುಕ್ತಾ ಆಗಿದೆ. ಆದ್ದರಿಂದ ಈಗ ಕೈ ಎರಡೂ ಖಾಲಿ, ನೆರೆಯವನ ಕಡೆಗೆ ಚಾಚಲು. ನಮ್ಮ ಒಳ್ಳೆಯ ಕೆಲಸದಿಂದ ದೇವರಿಗೆ ಆಗಬೇಕಾದ್ದು ಏನೂ ಇಲ್ಲ. ಪಕ್ಕದ ಮನೆಯ ಮುದುಕಿಗೆ ಇದೆ. ಮನಸ್ಸಿನಲ್ಲಿ ‘ಇದರಿಂದ ನನಗೆ ಸ್ವರ್ಗ’ ಎಂಬ ಲೆಕ್ಕ ಓಡುತ್ತಿದ್ದರೆ ಆ ಮುದುಕಿ ನನಗೆ ಏಣಿಯ ಮೆಟ್ಟಿಲಾಗುತ್ತಾಳೆ. ಲೆಕ್ಕ ನಿಂತ ಮೇಲೆ ಮಾತ್ರ ಅವಳು ಅವಳಾಗಿ ಕಾಣುತ್ತಾಳೆ.

ನಂಬಿಕೆಯಿಂದ ಒಳ್ಳೆಯ ಕೆಲಸ ಕುಂದುವುದಿಲ್ಲ, ಅದು ಯಾರಿಗೆ ಸೇರಬೇಕೋ ಅವರಿಗೆ ಸೇರುವುದೇ ನಂಬಿಕೆಯಿಂದ. ತರಗತಿಯಲ್ಲಿ ಹುಡುಗ ಕೇಳಿದ ಪ್ರಶ್ನೆಗೆ ನಾನು ಕೊಡುವ ಉತ್ತರ ಇಷ್ಟೇ: ‘ನಿನಗ ಬೇಕಾಗಿಲ್ಲಪಾ, ಅವರಿಗೆ ಬೇಕಾಗೇದ. ಅದಕ್ಕ ಮಾಡು.’

ಎಲ್ಲಿ ಮಾಡಬೇಕು? ಇರುವ ಜಾಗದಲ್ಲೇ. ಕಿರಿಯ ಬೋಧೆಯ ಕೊನೆಗೆ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಆಳು, ಯಜಮಾನ ಎಂದು ಒಬ್ಬೊಬ್ಬರ ಕರ್ತವ್ಯಗಳ ಪಟ್ಟಿ ಇದೆ. ಸನ್ಯಾಸಿಯ ಮಠಕ್ಕಿಂತ ಮನೆಯ ಕೆಲಸ ಕಡಿಮೆಯಲ್ಲ ಎಂಬುದು ಲೂಥರ್‌ನ ಹಠ. ತಂದೆಯೊಬ್ಬ ಕೂಸಿನ ಹೊಲಸು ಬಟ್ಟೆ ಒಗೆಯುವುದನ್ನು ಕಂಡು ಜನ ನಕ್ಕರೂ ದೇವರು ದೂತರೊಡನೆ ಸಂತೋಷಪಡುತ್ತಾನೆ ಎಂದು 1522ರಲ್ಲಿ ಬರೆದ.

ಇಲ್ಲಿ ನಮ್ಮ ಕಡೆಯವರಿಗೆ ಕಾಯಕ ನೆನಪಾಗದೇ ಇರದು. ‘ಬಸವಣ್ಣನವರು ಹೇಳಿದ್ದೂ ಇದನ್ನ ಅಲ್ಲೇನ್ರಿ?’ ಎಂದು ಕೇಳುವವರು ಬಹಳ. ಹತ್ತಿರದ ನೆಂಟಸ್ತಿಕೆ ಇದೆ: ದುಡಿಮೆಗೆ ಗೌರವ, ಕೆಲಸದಲ್ಲಿ ಮೇಲುಕೀಳು ಇಲ್ಲ ಎನ್ನುವುದು, ಮಠ-ಗುಡಿಗಳ ಹೊರಗೆ ದೇವರನ್ನು ಕಾಣುವುದು. ವ್ಯತ್ಯಾಸವೂ ಇದೆ. ಕಾಯಕವೇ ಕೈಲಾಸ ಎನ್ನುವಾಗ ದುಡಿಮೆಯೇ ಸಾಧನೆ, ಅದರಲ್ಲೇ ಪರಮಪದ. ಲೂಥರ್‌ನ ಲೆಕ್ಕದಲ್ಲಿ ದುಡಿಮೆ ಪರಮಪದಕ್ಕೆ ಒಯ್ಯುವುದಿಲ್ಲ, ಅದನ್ನು ಮೊದಲೇ ಪುಕ್ಕಟೆ ಪಡೆದವನ ಕೈಯಿಂದ ಹೊರಡುತ್ತದೆ. ಎರಡನ್ನೂ ಗೌರವಿಸಿ, ಕಲಸಿ ಮುದ್ದೆ ಮಾಡಬೇಡಿ.

8. ಯಾಕೋಬನ ಪತ್ರಿಕೆಗೆ ಹೆದರಬೇಡಿ

ರೋಮಾಪುರದವರಿಗೆ 3:28 ಒಂದು ಕಡೆ, ಯಾಕೋಬ 2:24 ಇನ್ನೊಂದು ಕಡೆ. ಒಂದು ‘ನಂಬಿಕೆಯಿಂದ, ಕ್ರಿಯೆಗಳಿಲ್ಲದೆ’ ಎನ್ನುತ್ತದೆ, ಇನ್ನೊಂದು ‘ನಂಬಿಕೆಯಿಂದ ಮಾತ್ರವಲ್ಲ’ ಎನ್ನುತ್ತದೆ. ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮಾಪುರದ ವಚನಕ್ಕೆ ‘ಮಾತ್ರ’ ಎಂಬ ಪದವನ್ನು ತಾನೇ ಸೇರಿಸಿದ. ಅದೇ ವರ್ಷ ಯಾಕೋಬನದನ್ನು ಹುಲ್ಲಿನ (ಸತ್ವ ಕಡಿಮೆಯ) ಪತ್ರಿಕೆ ಎಂದೂ ಕರೆದ. ಇದನ್ನು ಎತ್ತಿ ಆಡುವವರು ಸಿಗುತ್ತಾರೆ. ಅವನ ನಾಲಿಗೆ ಹರಿತ, ಅದನ್ನು ಒಪ್ಪಿಕೊಂಡುಬಿಡಿ.

ರೋಮಾಪುರದವರಿಗೆ ಪತ್ರ ಬರೆದ ಅಪೊಸ್ತಲ ಪೌಲ ನೆಚ್ಚುವುದು ಆದಿಕಾಂಡ 15ನೇ ಅಧ್ಯಾಯದ ಅಬ್ರಹಾಮನನ್ನು: ದೇವರ ಮಾತು ನಂಬಿದ, ಅದೇ ನೀತಿಯೆಂದು ಎಣಿಕೆಯಾಯಿತು. ಯಾಕೋಬ ಬೆರಳು ತೋರುವುದು 22ನೇ ಅಧ್ಯಾಯದ ಅಬ್ರಹಾಮನಿಗೆ: ಮಗನನ್ನು ಯಜ್ಞವೇದಿಯ ಮೇಲೆ ಇಟ್ಟವನು. ಮನುಷ್ಯ ಅವನೇ, ನಡುವೆ ಬಹಳ ವರ್ಷ ಕಳೆದಿವೆ. ನೆಡುವ ದಿನ ಪೌಲ ಮಾತಾಡುತ್ತಾನೆ, ಹಣ್ಣಾಗುವ ದಿನ ಯಾಕೋಬ. ದೆವ್ವಗಳೂ ನಂಬಿ ನಡುಗುತ್ತವೆ ಎನ್ನುವ ಯಾಕೋಬ ಬೈಯುತ್ತಿರುವುದು ಬಾಯಿಮಾತಿನ ಒಪ್ಪಿಗೆಯನ್ನು. 1ನೇ ಹಂತದಲ್ಲಿ ತೊಳೆದಿಟ್ಟ ‘ನಂಬಿಕೆ’ ಪದ ಇಲ್ಲಿ ಉಪಯೋಗಕ್ಕೆ ಬಂತು ನೋಡಿ.

9. ಎರಡು ಹಳ್ಳಗಳನ್ನು ಗುರುತಿಟ್ಟುಕೊಳ್ಳಿ

ಲೂಥರ್ ತೀರಿಕೊಂಡದ್ದು 1546ರಲ್ಲಿ. ಆಮೇಲೆ ಅವನ ಶಿಷ್ಯರೇ ಎರಡೂ ಕಡೆಗೆ ಜಾರಿದರು. ಜಾರ್ಜ್ ಮೇಯರ್ ‘ರಕ್ಷಣೆಗೆ ಸತ್ಕ್ರಿಯೆ ಅಗತ್ಯ’ ಎಂದ. ಸಿಟ್ಟಿಗೆದ್ದ ನಿಕೊಲಾಸ್ ಫಾನ್ ಆಮ್ಸ್‌ಡಾರ್ಫ್ ‘ಸತ್ಕ್ರಿಯೆ ರಕ್ಷಣೆಗೆ ಹಾನಿ’ ಎನ್ನುವವರೆಗೆ ಹೋದ. ಐಕ್ಯಸೂತ್ರ ಎರಡನ್ನೂ ತಳ್ಳಿಹಾಕಿತು: ಸತ್ಕ್ರಿಯೆ ಅಗತ್ಯ ಹೌದು, ರಕ್ಷಣೆಗಾಗಿ ಅಲ್ಲ. ಇದಕ್ಕೂ ಮೊದಲು ಲೂಥರ್ ಬದುಕಿದ್ದಾಗಲೇ ಯೋಹಾನ್ ಅಗ್ರಿಕೋಲ ಆಜ್ಞೆಗಳನ್ನು ಪೀಠದಿಂದ ಇಳಿಸಿ ನ್ಯಾಯಾಲಯಕ್ಕೆ ಕಳಿಸಬೇಕೆಂದ. 1537ರಿಂದ ಲೂಥರ್ ಅವನನ್ನು ಬಲವಾಗಿ ಎದುರಿಸಿದ. ‘ಲೂಥರನ್ನರಿಗೆ ಆಜ್ಞೆ ಬೇಡ’ ಎನ್ನುವವರಿಗೆ ಇದೊಂದೇ ಉತ್ತರ ಸಾಕು.

10. ಥರ್ಮಾಮೀಟರ್ ಕೆಳಗಿಡಿ

‘ನಾನು ಹೋದ ವರ್ಷಕ್ಕಿಂತ ಎಷ್ಟು ಪವಿತ್ರ ಆಗೇನಿ?’ ಭಕ್ತಿವಂತರನ್ನು ಈ ಪ್ರಶ್ನೆ ಸುಡುತ್ತದೆ. ಕ್ರೈಸ್ತನು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಆಗಿದ್ದಾನೆ ಎಂಬುದು ಲೂಥರ್‌ನ ಮಾತು. ಅರ್ಧ ಅದು, ಅರ್ಧ ಇದು ಎಂದಲ್ಲ; ಕ್ರಿಸ್ತನಲ್ಲಿ ನೋಡಿದರೆ ಪೂರ್ತಿ ನೀತಿವಂತ, ತನ್ನಲ್ಲೇ ನೋಡಿಕೊಂಡರೆ ಪೂರ್ತಿ ಪಾಪಿ. ದೀಕ್ಷಾಸ್ನಾನದ ಪಾಠದಲ್ಲಿ ಹಳೆಯ ಆದಾಮನು (ನಮ್ಮೊಳಗಿನ ಪಾಪದ ಸ್ವಭಾವ) ದಿನಾ ಪಶ್ಚಾತ್ತಾಪದಲ್ಲಿ ಮುಳುಗಿ ಸಾಯಬೇಕು, ಹೊಸ ಮನುಷ್ಯ ದಿನಾ ಎದ್ದುಬರಬೇಕು ಎಂದಿದೆ. ‘ದಿನಾ’ ಎನ್ನುವುದನ್ನು ಗಮನಿಸಿ. ಮೆಥಡಿಸ್ಟರ ಜಾನ್ ವೆಸ್ಲಿ ಈ ಬದುಕಿನಲ್ಲೇ ಪ್ರೀತಿಯ ಪರಿಪೂರ್ಣತೆ ಸಾಧ್ಯ ಎಂದು ಬೋಧಿಸಿದರು. ಲೂಥರನ್ನರು ಅಷ್ಟು ದೂರ ಬರುವುದಿಲ್ಲ. ಬೆಳವಣಿಗೆ ಇಲ್ಲವೆಂದಲ್ಲ, ಅದನ್ನು ಅಳೆಯುತ್ತ ಕೂತರೆ ಕಣ್ಣು ಕ್ರಿಸ್ತನಿಂದ ತಪ್ಪಿ ತನ್ನ ಮೇಲೆಯೇ ನೆಡುತ್ತದೆ.

ಕಿರಿಯ ಬೋಧೆಯಲ್ಲಿ ವಿಶ್ವಾಸಪ್ರಮಾಣದ (ಸಭೆ ಒಟ್ಟಿಗೆ ಹೇಳುವ ನಂಬಿಕೆಯ ಅರಿಕೆಯ) ಮೂರನೇ ಭಾಗಕ್ಕೆ ಲೂಥರ್ ಇಟ್ಟ ತಲೆಬರಹವೇ ‘ಪವಿತ್ರೀಕರಣ’. ಅದರ ವಿವರಣೆ ತೆರೆದು ಪ್ರತಿ ಕ್ರಿಯಾಪದದ ಕರ್ತೃ ಯಾರೆಂದು ಗುರುತು ಹಾಕಿ. ‘ನಾನು’ ಇರುವ ಕಡೆ ‘ನನ್ನ ಬುದ್ಧಿಯಿಂದ, ಬಲದಿಂದ ಆಗದು’ ಎಂದಿದೆ. ಕರೆದದ್ದು, ಬೆಳಕು ಕೊಟ್ಟದ್ದು, ಪವಿತ್ರ ಮಾಡಿದ್ದು, ಕಾಪಾಡಿದ್ದು ಎಲ್ಲಕ್ಕೂ ಕರ್ತೃ ಪವಿತ್ರಾತ್ಮ.

11. ಕಲಿಸುವವರಿಗೆ ಒಂದು ಮಾತು

ಗಂಟೆಯ ಪಾಠ ಹಂಚಿಕೊಳ್ಳುವಾಗ ಆಜ್ಞೆಗೆ ಮುಕ್ಕಾಲು ಗಂಟೆ ತೆಗೆದುಕೊಂಡು, ‘ಸುವಾರ್ತೆ ಮುಂದಿನ ರವಿವಾರ’ ಎಂದು ಮುಗಿಸುವುದು ನಾನೇ ವರ್ಷಗಟ್ಟಲೆ ಮಾಡಿದ ತಪ್ಪು. ಕನ್ನಡಿ ತೋರಿಸಿದ ದಿನವೇ ನೀರೂ ಕೊಡಿ. ಮುಂದಿನ ರವಿವಾರ ಆ ಹುಡುಗಿ ಬರದೇ ಇರಬಹುದು, ಜ್ವರ ಬಂದಿರಬಹುದು, ಅವಳ ಅಪ್ಪನಿಗೆ ಹಾವೇರಿಗೆ ವರ್ಗವಾಗಿರಬಹುದು.